ಮೇಷ್ಟ್ರಿಗೊಬ್ಬ ಮೇಷ್ಟ್ರು

ಹಳೇ ಸರ್ಕಾರಿ ವರದಿಗಳನ್ನ ಓದೋದು ನನಗೊಂದು ಚಟ. (ಮನೆಯಲ್ಲಿ ಈ ಚಟಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯೋ ಹಾಗಿಲ್ಲ :)) ಅವುಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡೋದು 1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿಗೆ ಕಳಿಸಿದ ವರದಿಯನ್ನ. ಅದರ ಹಿಂದಿನ ವರ್ಷ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಮಕ್ಕಳೆಷ್ಟು, ಅವರು ಓದೋದೇನು, ಲೆಕ್ಕ ಕಳಿಸಿ ಅಂತ ಎಲ್ಲ ಕಲೆಕ್ಟರುಗಳಿಗೂ ಅಪ್ಪಣೆ ಮಾಡಿದ್ದ. ಸುಮಾರು ಜನ ಕೋಷ್ಟಕ ತುಂಬಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ ಮಾತ್ರ ಶಾಲೆಯ ಮೂಲೆಯಲ್ಲಿ ಕೂತು ನೋಡಿದವನ ಹಾಗೆ ಬರೆದ. ಧರ್ಮಪಾಲ್ ಅವರು 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ವರದಿಗಳನ್ನೆಲ್ಲ ಒಟ್ಟಿಗೆ ಅಚ್ಚು ಹಾಕಿಸಿದ ಮೇಲೆ ಇದು ನಮ್ಮಂಥವರ ಕೈಗೂ ಸಿಕ್ಕಿತು.

ಆಗಿನ ಬಳ್ಳಾರಿ ಜಿಲ್ಲೆ ಅಂದರೆ ಅನಂತಪುರವೂ ಸೇರಿದ ದೊಡ್ಡ ಸೀಮೆ. ಅಲ್ಲಿ ಒಟ್ಟು 533 ಶಾಲೆಗಳಿದ್ದವು ಅಂತ ಕ್ಯಾಂಪ್‌ಬೆಲ್ ಲೆಕ್ಕ ಕೊಡ್ತಾನೆ. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದದ್ದು ಮರಾಠಿ, ಪಾರ್ಸಿ, ತಮಿಳು, ಸಂಸ್ಕೃತ; ಇಂಗ್ಲಿಷಿನದು ಒಂದೇ ಒಂದು. ಇವು ನಮ್ಮ ಅಜ್ಜಂದಿರು ಹೇಳ್ತಿದ್ದ ಕೂಲಿಮಠಗಳು, ಐಗಳ ಮಠಗಳು. ಬೆಳಿಗ್ಗೆ ಆರಕ್ಕೇ ಮಕ್ಕಳು ಬರಬೇಕು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಾರೆ, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಏರ್ತಾ ಹೋಗುತ್ತೆ. ಕೊನೆಗೆ ಬಂದವನ ಗತಿ ನೀವೇ ಊಹಿಸಿಕೊಳ್ಳಿ. ಆಮೇಲೆ ಮಕ್ಕಳನ್ನ ಅವರವರ ಕಲಿಕೆಗೆ ತಕ್ಕಂತೆ ನಾಲ್ಕು ಗುಂಪು ಮಾಡಿ ಕೂರಿಸ್ತಾರೆ. ಮೇಲಿನ ಗುಂಪು ಐಗಳ ಹತ್ತಿರ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದೋ ಕೆಳಗಿನ ಗುಂಪುಗಳನ್ನ ಬಹುಮಟ್ಟಿಗೆ ನೋಡಿಕೊಳ್ಳೋದು ದೊಡ್ಡ ಹುಡುಗರು. ಐಗಳ ಒಂದು ಕಣ್ಣು ಮಾತ್ರ ಇಡೀ ಶಾಲೆಯ ಮೇಲೆ. ಉತ್ತರ ಕರ್ನಾಟಕದ ಕಡೆ ಇಂಥ ದೊಡ್ಡ ಹುಡುಗನನ್ನ 'ಹಿರೇಮಣಿ' ಅಂತಿದ್ದರು.

ಈ ಹಿರೇಮಣಿ ಪದ್ಧತಿಯನ್ನ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿಕೊಳ್ತಾನೆ. ಹೇಳಿಕೊಡ್ತಾ ಹೇಳಿಕೊಡ್ತಾ ಆ ಹುಡುಗನ ಪಾಠವೂ ಗಟ್ಟಿಯಾಗುತ್ತೆ, ಇದನ್ನ ಇಂಗ್ಲೆಂಡಿನಲ್ಲಿ ಅನುಕರಿಸಿದ್ದು ಸರಿಯಾಗಿಯೇ ಇದೆ ಅನ್ನೋ ಅರ್ಥದಲ್ಲಿ ಬರೀತಾನೆ. ಅದೇ ಉಸಿರಿನಲ್ಲಿ ಒಂದು ದೂರನ್ನೂ ಹೇಳ್ತಾನೆ: ಓದಿಸೋ ಪುಸ್ತಕಗಳು ಸರಿಯಿಲ್ಲ, ಮತ್ತೆ ತಕ್ಕ ಮೇಷ್ಟ್ರುಗಳಿಲ್ಲ.

ಇಂಗ್ಲೆಂಡಿಗೆ ಅದು ಹೋದದ್ದು ಹೇಗೆ ಅನ್ನೋದೂ ಒಂದು ಸೊಗಸಾದ ಕತೆ. ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿದ್ದ ಮೇಷ್ಟ್ರುಗಳಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಒಂದು ದಿನ ದಾರಿಯಲ್ಲಿ ಹೋಗ್ತಾ, ನಮ್ಮ ಕಡೆಯ ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಅಕ್ಷರ ಬರೆಯೋದನ್ನ ನೋಡಿದ. ನೀವೂ ಹಾಗೇ ಕಲಿಸಿ ಅಂತ ತನ್ನ ಮೇಷ್ಟ್ರುಗಳಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಆಗ ಬೆಲ್, ಜಾನ್ ಫ್ರಿಸ್ಕೆನ್ ಅನ್ನೋ ಎಂಟು ವರ್ಷದ ಸಿಪಾಯಿ ಮಗನೊಬ್ಬನನ್ನ ಕರೆದು ಸಣ್ಣ ಮಕ್ಕಳಿಗೆ ಅಕ್ಷರ ಕಲಿಸೋ ಕೆಲಸ ಒಪ್ಪಿಸಿದ. ದೊಡ್ಡವರ ಕೈಲಾಗದ್ದನ್ನ ಹುಡುಗ ಮಾಡಿ ತೋರಿಸಿದ. ಬೆಲ್ ಊರಿಗೆ ವಾಪಸ್ಸಾಗಿ 1797ರಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಹಾಕಿದ. ಮರುವರ್ಷವೇ ಲಂಡನ್ನಿನ ಬರೋ ರೋಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅನ್ನೋನು ಹೆಚ್ಚುಕಡಿಮೆ ಇಂಥದ್ದೇ ಶಾಲೆ ತೆರೆದ. ಇದನ್ನ ಮೊದಲು ಕಂಡುಹಿಡಿದದ್ದು ನಾನೋ ನೀನೋ ಅಂತ ಇಬ್ಬರ ಕಡೆಯವರೂ ಎಷ್ಟೋ ವರ್ಷ ಕಿತ್ತಾಡಿದರು. ಮರಳ ಮೇಲೆ ಕೂತಿದ್ದ ಮಕ್ಕಳನ್ನ ಯಾರೂ ಕೇಳಲಿಲ್ಲ ಬಿಡಿ.

ಅಲ್ಲಿ ಅದು ಕಾಡ್ಗಿಚ್ಚಿನ ಹಾಗೆ ಹಬ್ಬೋಕೆ ಕಾರಣ ಶಿಕ್ಷಣದ ಮೇಲಿನ ಪ್ರೀತಿಗಿಂತ ಖರ್ಚಿನ ಲೆಕ್ಕಾಚಾರ. ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳು! ಬಳ್ಳಾರಿಯಲ್ಲಿ ಐಗಳ ಕಣ್ಣಳತೆಯಲ್ಲಿ ನಡೀತಿದ್ದ ಕೆಲಸ ಅಲ್ಲಿ ಕಾರ್ಖಾನೆಯ ಹಾಗಾಯಿತು. ಐದು ನಿಮಿಷದ ಹಿಂದೆ ಕಲಿತದ್ದನ್ನ ಹುಡುಗ ಮುಂದಿನವನಿಗೆ ದಾಟಿಸ್ತಾನೆ, ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ. ಕೊನೆಗೆ 1846ರಲ್ಲಿ ಕೇ-ಶಟಲ್‌ವರ್ತ್ ಅನ್ನೋ ಅಧಿಕಾರಿ, ಹದಿಮೂರು ತುಂಬಿದ ಮಕ್ಕಳು ಐದು ವರ್ಷ ಒಬ್ಬ ಒಳ್ಳೆ ಮೇಷ್ಟ್ರ ಕೈಕೆಳಗೆ ಪಳಗಬೇಕು, ಆಮೇಲೆ ತರಬೇತಿ ಕಾಲೇಜಿಗೆ ಹೋಗಬೇಕು ಅಂತ ಹೊಸ ವ್ಯವಸ್ಥೆ ತಂದ. ಬಡಗಿಯ ಹತ್ತಿರ ಹುಡುಗ ಕೆಲಸ ಕಲಿಯೋ ಥರ. ಆಸ್ತಿಯಲ್ಲಿ ದೊಡ್ಡ ಪಾಲನ್ನ ಬೆಲ್ ಶಾಲೆಗಳಿಗೇ ಬರೆದಿಟ್ಟು ಸತ್ತ. ಆ ದುಡ್ಡಿನಿಂದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಲ್ಲಿ ಕಟ್ಟಿದ ಶಾಲೆಗೆ ಇವತ್ತಿಗೂ 'ಮದ್ರಾಸ್ ಕಾಲೇಜ್' ಅಂತಲೇ ಹೆಸರು.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಕ್ಯಾಂಪ್‌ಬೆಲ್‌ನ ವರದಿ ಓದುವಾಗ ನನಗೆ ಪ್ರತಿಸಲ ಕಾಡೋ ಪ್ರಶ್ನೆ ಒಂದೇ. ಮಕ್ಕಳಿಗೇನೋ ಹಿರೇಮಣಿ ಇದ್ದ. ಐಗಳಿಗೆ ಯಾರಿದ್ದರು? ಊರವರು ಕೊಡೋ ಕಾಳುಕಡಿ, ಪುಡಿಗಾಸು ನಂಬಿಕೊಂಡು ಒಬ್ಬನೇ ಕೂತ ಆ ಮನುಷ್ಯ, ಒಂದು ಮಗುವಿಗೆ ಏನು ಮಾಡಿದರೂ ಒತ್ತಕ್ಷರ ಹತ್ತದಿದ್ದಾಗ ಯಾರನ್ನ ಕೇಳ್ತಿದ್ದ? 'ತಕ್ಕ ಮೇಷ್ಟ್ರುಗಳಿಲ್ಲ' ಅಂತ ಬರೆಯೋದು ಸುಲಭ. ತಕ್ಕವರಾಗೋದು ಹೇಗೆ ಅಂತ ಹೇಳೋರು ಬೇಕಲ್ಲ?

ಮನ್ರೋಗೆ ಇದು ಹೊಳೆದಿತ್ತು. 1826ರ ಮಾರ್ಚಿನಲ್ಲಿ ಬರೆದ ಟಿಪ್ಪಣಿಯಲ್ಲಿ ಮದ್ರಾಸಿನಲ್ಲಿ ಮೇಷ್ಟ್ರುಗಳನ್ನ ತಯಾರು ಮಾಡೋ ಶಾಲೆ, ಅಲ್ಲಿ ಕಲಿತವರಿಗೆ ಜಿಲ್ಲೆ, ತಾಲ್ಲೂಕುಗಳಲ್ಲಿ ಸಂಬಳದ ಕೆಲಸ ಅಂತ ಯೋಜನೆ ಹಾಕಿದ. ಮರುವರ್ಷ ಕಾಲರಾಕ್ಕೆ ತುತ್ತಾಗಿ ಪತ್ತಿಕೊಂಡದಲ್ಲಿ ತೀರಿಕೊಂಡ. ಯೋಜನೆಯೂ ಹತ್ತು ವರ್ಷದೊಳಗೆ ಸೊರಗಿ ಮುಚ್ಚಿಹೋಯಿತು.

ಮತ್ತೆ ಈ ಮಾತು ಎದ್ದದ್ದು 1854ರ ವುಡ್‌ನ ಡಿಸ್ಪ್ಯಾಚ್ ಬಂದಮೇಲೆ. ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು, 'ನಾರ್ಮಲ್ ಸ್ಕೂಲು'ಗಳು ಬಂದವು. (ಹಾಗಾದರೆ ಉಳಿದ ಸ್ಕೂಲುಗಳು ಅಬ್‌ನಾರ್ಮಲ್ಲಾ ಅಂತ ಚಿಕ್ಕಂದಿನಲ್ಲಿ ನಗ್ತಿದ್ದೆವು. ಅದು ಫ್ರೆಂಚರಿಂದ ಬಂದ ಹೆಸರು, 'ಮಾದರಿ' ಅನ್ನೋ ಅರ್ಥ.) ಮೈಸೂರಿನಲ್ಲಿ 1868ರಲ್ಲಿ ಬಿ. ಎಲ್. ರೈಸ್ ಹೋಬಳಿಗೊಂದು ಶಾಲೆ ಅಂತ ಯೋಜನೆ ಮಾಡಿದಾಗ, ಊರುಗಳಲ್ಲಿ ಆಗಲೇ ಪಾಠ ಹೇಳ್ತಿದ್ದ ಐಗಳನ್ನೇ ಆರಿಸಿ ತರಬೇತಿ ಕೊಡಿಸೋ ದಾರಿ ಹಿಡಿದರು. ಹೌದು, ಶಾಸನಗಳ ರೈಸ್ ಅವರೇ. ಅವರ ಅಸಲಿ ನೌಕರಿ ಶಿಕ್ಷಣ ಇಲಾಖೆಯದು. ಶಾಲೆ ನೋಡೋಕೆ ಅಂತ ಕುದುರೆ ಹತ್ತಿ ಹೋದವರ ಕಣ್ಣಿಗೆ ಊರೂರಿನ ಕಲ್ಲುಗಳೂ ಬಿದ್ದವು.

ಆದರೆ ಈ ಕಾಲದಲ್ಲಿ ನನಗೆ ಹೆಚ್ಚು ಹತ್ತಿರ ಅನ್ನಿಸೋದು ಧಾರವಾಡದ ಚನ್ನಬಸಪ್ಪನವರು. 'ಡೆಪ್ಯುಟಿ' ಅನ್ನೋದು ಅವರ ಹೆಸರಿಗೇ ಅಂಟಿಕೊಂಡಿದೆ. ಡೆಪ್ಯುಟಿ ಎಜುಕೇಷನಲ್ ಇನ್‌ಸ್ಪೆಕ್ಟರ್ ಅನ್ನೋದು ಅವರ ಹುದ್ದೆ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಆಗ ಶಾಲೆ ಅಂದರೆ ಮರಾಠಿ ಶಾಲೆ. ಕನ್ನಡ ಶಾಲೆ ತೆರೆಯೋಣ ಅಂದರೆ ಕನ್ನಡ ಪುಸ್ತಕ ಎಲ್ಲಿ? ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಎಲ್ಲಿ? ಚನ್ನಬಸಪ್ಪನವರು ಮೊದಲು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನ ತಯಾರು ಮಾಡಿದರು. ಆಮೇಲೆ ಡೆಪ್ಯುಟಿಯಾಗಿ ಊರೂರು ತಿರುಗಿ ಶಾಲೆ ತೆರೆಸಿ ಅದೇ ಮಾಸ್ತರರ ಬೆನ್ನಿಗೆ ನಿಂತರು. ನೋಡಿ, ತನಿಖೆಗೆ ಬರೋ ಸಾಹೇಬರೇ ನಿನ್ನೆಯವರೆಗೆ ತನಗೆ ಪಾಠ ಹೇಳಿಕೊಟ್ಟ ಗುರುಗಳು ಅಂತಾದರೆ ಆ ಭೇಟಿಯ ರುಚಿಯೇ ಬೇರೆ. ಪುಸ್ತಕ ಸಾಲದು ಅಂತ ತಾವೂ ಬರೆದರು, ಬೇರೆಯವರಿಂದಲೂ ಬರೆಸಿದರು. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ಅನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದರು.

ಅವರ ಇನ್ನೊಂದು ಕೆಲಸ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. 1860ರ ದಶಕದಲ್ಲಿ ಬೆಳಗಾವಿಯಿಂದ ಹೊರಟ 'ಮಠಪತ್ರಿಕೆ'. ಇಲ್ಲಿ ಮಠ ಅಂದರೆ ಸ್ವಾಮಿಗಳದ್ದಲ್ಲ, ಶಾಲೆ. ಹಳ್ಳಿಯಲ್ಲಿ ಒಂಟಿಯಾಗಿ ಕೂತ ಮಾಸ್ತರನ ಕೈಗೆ ಕನ್ನಡದಲ್ಲೇ ಒಂದು ಪತ್ರಿಕೆ, ಅದೂ ಅವನ ಕಸುಬಿಗೆ ಸಂಬಂಧಪಟ್ಟದ್ದು. ಅಂಚೆಯಣ್ಣ ಬರೋ ದಿನ ಅವನಿಗೆ ಹೇಗನ್ನಿಸ್ತಿತ್ತೋ! ಮುಂದೆ ಹೆಸರು ಬದಲಾಯಿತು, ಕೈ ಬದಲಾಯಿತು. ಧಾರವಾಡದ 'ಜೀವನ ಶಿಕ್ಷಣ' ಮಾಸಪತ್ರಿಕೆ ತನ್ನ ಮೂಲವನ್ನ ಗುರುತಿಸಿಕೊಳ್ಳೋದು ಈ ಮಠಪತ್ರಿಕೆಯಲ್ಲೇ. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಗಾಳಿಯೂ ಬೀಸ್ತಿತ್ತು. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಒಂದು ನಿಯಮ ತಂದ: ಇನ್‌ಸ್ಪೆಕ್ಟರ್ ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಬೇಕು, ಪಾಸಾದ ಮಕ್ಕಳ ತಲೆ ಎಣಿಸಿ ಶಾಲೆಗೆ ಅನುದಾನ. ಅಲ್ಲಿವರೆಗೆ ಇನ್‌ಸ್ಪೆಕ್ಟರ್ ಅಂದರೆ ಒಂದಿಷ್ಟು ಸಲಹೆ ಕೇಳಬಹುದಾದ ಮನುಷ್ಯ. ಅವತ್ತಿಂದ ಅವನು ಮೇಷ್ಟ್ರ ಅನ್ನದ ತಟ್ಟೆ ಕೈಯಲ್ಲಿ ಹಿಡಿದು ಬರೋನು. ಅವನ ಹತ್ತಿರ ಯಾವ ಮೇಷ್ಟ್ರು ತಾನೇ 'ಸಾರ್, ಭಾಗಾಕಾರ ಹೇಳಿಕೊಡೋಕೆ ನನಗೇ ಬರ್ತಾ ಇಲ್ಲ' ಅಂತ ಬಾಯಿಬಿಡ್ತಾನೆ? ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ ಮಾಡ್ತಿದ್ದದ್ದು ಇದೇ ಇನ್‌ಸ್ಪೆಕ್ಟರ್ ಕೆಲಸ, ಅವನು ಈ ನಿಯಮವನ್ನ ಬಹಿರಂಗವಾಗಿಯೇ ವಿರೋಧಿಸಿದ. ಉಪಯೋಗವಾಗಲಿಲ್ಲ. ಮದ್ರಾಸ್, ಮುಂಬಯಿ ಪ್ರಾಂತ್ಯಗಳಿಗೂ ಫಲಿತಾಂಶ ನೋಡಿ ದುಡ್ಡು ಕೊಡೋ ಪದ್ಧತಿ ಬಂತು. ಇಂಗ್ಲೆಂಡಿನಲ್ಲಿ ಆ ಶತಮಾನ ಮುಗಿಯೋದರೊಳಗೆ ಅದನ್ನ ಕೈಬಿಟ್ಟರು. ನಮ್ಮಲ್ಲಿ ನಿಯಮ ಹೋದರೂ ಅದರ ನೆರಳು ಹೋಗಲಿಲ್ಲ ಅಂತ ನನ್ನ ಅನಿಸಿಕೆ. 'ಇನ್‌ಸ್ಪೆಕ್ಟರ್ ಬರ್ತಾರೆ' ಅಂದ ತಕ್ಷಣ ಗೋಡೆಗೆ ಸುಣ್ಣ, ಮಕ್ಕಳಿಗೆ ಎಣ್ಣೆ ಬಾಚಿದ ತಲೆ, ಮೊದಲೇ ಉರು ಹೊಡೆಸಿದ ಉತ್ತರ... ನಮ್ಮ ಕಾಲದ ಶಾಲೆಯಲ್ಲೂ ಇದ್ದದ್ದೇ ಅಲ್ವಾ?

ನಮ್ಮಕ್ಕ ಟಿ.ಸಿ.ಎಚ್. ಮುಗಿಸಿ 1990ರ ದಶಕದ ಮೊದಲಲ್ಲಿ ರಾಯಚೂರು ಸೀಮೆಯ ಒಂದು ಹಳ್ಳಿ ಶಾಲೆಗೆ ಹೋದಳು. ನಾಲ್ಕು ತರಗತಿ, ಒಂದೇ ಕೋಣೆ. ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಮೇಷ್ಟ್ರನ್ನ ಕೊಡಬೇಕು ಅಂತ 1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಶುರುವಾಗಿತ್ತು ನಿಜ. ಅವಳ ಶಾಲೆಯ ಎರಡನೆಯವರು ಹಾಜರಿ ಪುಸ್ತಕದಲ್ಲಿದ್ದರು, ಕೋಣೆಯಲ್ಲಿರಲಿಲ್ಲ. ಮೊದಲ ಮೂರು ತಿಂಗಳು ದಿನಾ ಸಂಜೆ ಅಳ್ತಿದ್ದೆ ಅಂತ ಅವಳು ಈಗ ನಗ್ತಾ ಹೇಳ್ತಾಳೆ. ಒಂದನೇ ತರಗತಿಗೆ ಅಕ್ಷರ ತಿದ್ದಿಸೋಕೆ ಕೂತರೆ ನಾಲ್ಕನೆಯವರು ಕಿಟಕಿ ಹಾರ್ತಾರೆ. ನಾಲ್ಕನೆಯವರಿಗೆ ಲೆಕ್ಕ ಕೊಟ್ಟರೆ ಇತ್ತ ಸಣ್ಣವರು ಮಲಗಿರ್ತಾರೆ. ಟಿ.ಸಿ.ಎಚ್.ನಲ್ಲಿ ಪಾಠಟಿಪ್ಪಣಿ ಬರೆಯೋದು ಕಲಿಸಿದ್ದರು, ಆದರೆ ಅದು ಒಂದು ಕೋಣೆಗೆ ಒಂದೇ ತರಗತಿ ಇರೋ ಶಾಲೆಯ ಪಾಠಟಿಪ್ಪಣಿ. ತನಿಖೆಗೆ ಬಂದ ಸಾಹೇಬರು ವಿಸಿಟ್ ಬುಕ್ಕಿನಲ್ಲಿ ಶಿಸ್ತು ಸಾಲದು ಅಂತ ಬರೆದು ಹೋದರು.

ಅವಳನ್ನ ಕಾಪಾಡಿದ್ದು ಪಕ್ಕದ ಊರಿನ ಶಾಲೆಯ ವಯಸ್ಸಾದ ಮಾಸ್ತರರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಸೈಕಲ್ಲಿನಲ್ಲಿ ಬರ್ತಿದ್ದರಂತೆ. 'ಏನವ್ವಾ, ಒಬ್ಬಾಕಿನೇ ಎಲ್ಲಾರಿಗೂ ಯಾಕ ಹೇಳಾಕ ಹತ್ತೀ? ಆ ನಾಕನೇತ್ತೆ ಹುಡುಗೂರು ಏನು ಮಾಡ್ತಾವ? ಸಣ್ಣವುಕ್ಕ ಹಚ್ಚು ಅವನ್ನ' ಅಂದರಂತೆ. ಒಂದು ಶನಿವಾರ ಅವಳೇ ಅವರ ಶಾಲೆಗೆ ಹೋಗಿ ಹಿಂದೆ ಕೂತು ನೋಡಿದಳು. ಅಷ್ಟೇ. ಅದಕ್ಕೆ ಯಾರೂ ಟಿ.ಎ., ಡಿ.ಎ. ಕೊಡಲಿಲ್ಲ, ಪ್ರಮಾಣಪತ್ರವನ್ನೂ ಕೊಡಲಿಲ್ಲ. ಆ ಮಾಸ್ತರರು ಕ್ಯಾಂಪ್‌ಬೆಲ್‌ನ ಹೆಸರನ್ನೇ ಕೇಳಿರಲಿಕ್ಕಿಲ್ಲ. ಬಳ್ಳಾರಿಯ ಐಗಳು ಮಾಡ್ತಿದ್ದದ್ದೇ ಅವರ ಕೈಯಲ್ಲಿ ಉಳಿದುಬಂದಿತ್ತೋ, ಅಥವಾ ಒಂದು ಕೋಣೆಯಲ್ಲಿ ನಾಲ್ಕು ತರಗತಿ ಇದ್ದಾಗ ಯಾವ ಜಾಣನಿಗೂ ಹೊಳೆಯೋದು ಇದೇನೋ.

ಸರ್ಕಾರ ಸುಮ್ಮನಿತ್ತು ಅಂತಲ್ಲ. ಸ್ವಾತಂತ್ರ್ಯ ಬಂದಮೇಲೆ ಒಂದಾದ ಮೇಲೊಂದು ಸಂಸ್ಥೆ ಎದ್ದವು. 1963ರಲ್ಲಿ ಮೈಸೂರಿಗೆ ಪ್ರಾದೇಶಿಕ ಶಿಕ್ಷಣ ಕಾಲೇಜು ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಪ್ರಯೋಗ ನಡೆಯಿತು. ನಾಸಾದ ಉಪಗ್ರಹವೊಂದನ್ನ ಸಾಲ ತಂದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದ ಕತೆ ನಿಮಗೆ ಗೊತ್ತಿರಬಹುದು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಅದರಲ್ಲಿ ಜನ ಅಷ್ಟಾಗಿ ನೆನಪಿಟ್ಟುಕೊಳ್ಳದ ಒಂದು ಭಾಗ ಇದೆ. ಆ ಒಂದು ವರ್ಷದಲ್ಲಿ ಆರೂ ರಾಜ್ಯಗಳ ಸುಮಾರು 50,000 ಪ್ರಾಥಮಿಕ ಶಾಲಾ ಮೇಷ್ಟ್ರುಗಳಿಗೆ ಟಿವಿ, ರೇಡಿಯೋ ಮೂಲಕ ವಿಜ್ಞಾನ ಪಾಠದ ತರಬೇತಿ ಕೊಟ್ಟರು. ಕರೆಂಟೇ ಸರಿಯಾಗಿ ಇರದ ಊರುಗಳಲ್ಲಿ! 1996ರಲ್ಲಿ ಇಸ್ರೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಷ್ಟ್ರುಗಳು ಪರದೆ ಮೇಲಿದ್ದವರನ್ನ ಫೋನಿನಲ್ಲಿ ಪ್ರಶ್ನೆ ಕೇಳೋ ತರಬೇತಿಯನ್ನ ಕರ್ನಾಟಕದಲ್ಲಿ ಮಾಡಿ ತೋರಿಸಿತು. 2004ರಲ್ಲಿ ಹಾರಿದ ಎಜುಸ್ಯಾಟ್ ಚಾಮರಾಜನಗರದ ಶಾಲೆಗಳಿಗೆ ಪಾಠ ಕಳಿಸಿತು. ಆಕಾಶದಿಂದ ಬರೋದು ಚೆನ್ನಾಗಿಯೇ ಬಂತು. ಆದರೆ ಆಕಾಶಕ್ಕೆ ನಮ್ಮ ಶಾಲೆಯ ಕಿಟಕಿ ಹಾರೋ ಹುಡುಗ ಕಾಣಿಸಲ್ಲವಲ್ಲ.

ಹತ್ತಿರದ ಶಾಲೆಗಳು ಒಂದಕ್ಕೊಂದು ಆಸರೆಯಾಗಲಿ ಅಂತ 1964-66ರ ಕೊಠಾರಿ ಆಯೋಗ ಹೇಳಿತ್ತು. ಒಂದು ಹೈಸ್ಕೂಲು, ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳು, ಎಲ್ಲ ಸೇರಿ ಒಂದು 'ಶಾಲಾ ಸಂಕೀರ್ಣ'. ಹೆಸರು ಸಂಕೀರ್ಣ, ವಿಚಾರ ಸರಳ. ಕಾಗದದಿಂದ ಅದು ಹೆಚ್ಚೇನೂ ಕೆಳಗಿಳಿಯಲಿಲ್ಲ. 1986ರ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದು ಡಯಟ್ ಬಂತು. ಆಮೇಲೆ 1994ರ ಡಿ.ಪಿ.ಇ.ಪಿ. ನಮ್ಮಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಅದು ಮಾಡಿದ ಒಂದು ಒಳ್ಳೆ ಕೆಲಸ, ಹತ್ತಿಪ್ಪತ್ತು ಶಾಲೆಗಳನ್ನ ಸೇರಿಸಿ 'ಕ್ಲಸ್ಟರ್' ಮಾಡಿ, ಪಾಠ ಮಾಡ್ತಿದ್ದ ಮೇಷ್ಟ್ರುಗಳಲ್ಲೇ ಒಬ್ಬರನ್ನ ಆರಿಸಿ ಸಿ.ಆರ್.ಪಿ., ಅಂದರೆ ಸಂಪನ್ಮೂಲ ವ್ಯಕ್ತಿ, ಅಂತ ಕೂರಿಸಿದ್ದು. ಶಿಕ್ಷೆ ಕೊಡೋ ಅಧಿಕಾರ ಅವರಿಗಿಲ್ಲ, ಅನುದಾನ ಕೀಲಿ ಅವರ ಕೈಲಿಲ್ಲ. ಶಾಲೆಗೆ ಬರಬೇಕು, ಪಾಠ ನೋಡಬೇಕು, ತಾವೂ ಒಂದು ಪಾಠ ಮಾಡಿ ತೋರಿಸಬೇಕು, ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಕರೆದು ಎಲ್ಲರನ್ನೂ ಮಾತಾಡಿಸಬೇಕು. ಅಕ್ಕನ ಆ ಸೈಕಲ್ ಮಾಸ್ತರರಿಗೇ ಸರ್ಕಾರ ಹುದ್ದೆ ಕೊಟ್ಟ ಹಾಗೆ.

ಆದರೆ ತಾಲ್ಲೂಕು ಆಫೀಸಿಗೂ ಶಾಲೆಗೂ ನಡುವೆ ಬೈಕು ಇರೋ ಒಬ್ಬ ಮನುಷ್ಯ ಸಿಕ್ಕಿದ ಅಂದರೆ ಆಫೀಸು ಬಿಟ್ಟೀತೇ? ಮಕ್ಕಳ ಗಣತಿ ತನ್ನಿ. ಬಿಸಿಯೂಟದ ಅಕ್ಕಿ ಲೆಕ್ಕ ತನ್ನಿ. ಸಮವಸ್ತ್ರ ಮುಟ್ಟಿತಾ, ಸೈಕಲ್ ಮುಟ್ಟಿತಾ, ಶೌಚಾಲಯದ ಫೋಟೋ ಎಲ್ಲಿ, ನಾಳೆ ಹತ್ತು ಗಂಟೆಯೊಳಗೆ ಮಾಹಿತಿ ಬೇಕು. ನನಗೆ ಗೊತ್ತಿರೋ ಒಬ್ಬ ಸಿ.ಆರ್.ಪಿ. ತಮ್ಮನ್ನ ತಾವೇ 'ಪೋಸ್ಟ್‌ಮ್ಯಾನ್, ಆದರೆ ಖಾಕಿ ಇಲ್ಲ' ಅಂತ ಪರಿಚಯಿಸಿಕೊಳ್ತಾರೆ. ಪಾಠ ನೋಡೋಕೆ ಅಂತ ಕೂತರೆ ಹತ್ತು ನಿಮಿಷದಲ್ಲಿ ಫೋನು. ಸಮಾಲೋಚನಾ ಸಭೆಯಲ್ಲಿ ಮುಕ್ಕಾಲು ಪಾಲು ಹೊತ್ತು ಸುತ್ತೋಲೆ ಓದೋದರಲ್ಲಿ ಹೋಗುತ್ತೆ. ಇದು ಆ ಮನುಷ್ಯರ ತಪ್ಪಲ್ಲ. ಅವರೂ ಮೇಷ್ಟ್ರುಗಳೇ, ಕಲಿಸೋ ಹುಮ್ಮಸ್ಸಿನಿಂದಲೇ ಹೋದವರು ಬೇಕಾದಷ್ಟು ಜನ. ಚನ್ನಬಸಪ್ಪನವರ ಕಾಲದ ಡೆಪ್ಯುಟಿ ಹುದ್ದೆ ತಲೆಯೆಣಿಕೆಯ ಹುದ್ದೆಯಾದ ಕತೆಯೇ ಇಲ್ಲಿ ಮತ್ತೊಮ್ಮೆ ನಡೆಯಿತು.

ಈ ನಡುವೆ ಒಂದು ಕಡೆ ಮಾತ್ರ ಬೇರೆ ಥರ ಆಯಿತು. ಹೆಗ್ಗಡದೇವನಕೋಟೆ. ಕಬಿನಿ ಹಿನ್ನೀರು, ಕಾಡಂಚಿನ ಹಾಡಿಗಳು, ಶಾಲೆಗೆ ಇವತ್ತು ಬಂದ ಮಗು ನಾಳೆ ಬರುತ್ತೆ ಅನ್ನೋ ಖಾತ್ರಿ ಇಲ್ಲದ ತಾಲ್ಲೂಕು. ನಾಲ್ಕು ದಿನ ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲೋ ಮುಂದೆ ಹೋಗಿರುತ್ತೆ, ಕೂತರೂ ತಿಳಿಯಲ್ಲ, ಆಮೇಲೆ ಬರೋದೇ ಇಲ್ಲ. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿನ ಮೇಷ್ಟ್ರುಗಳ ಒಂದು ತಂಡ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಯಿತು. ಅಲ್ಲಿ ಸುತ್ತಲ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳು, ಮಗು ತನ್ನ ವೇಗದಲ್ಲಿ ಹತ್ತೋ 'ಕಲಿಕಾ ಏಣಿ'. ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಮಗು ವಾಪಸ್ ಬಂದಾಗ ಅಲ್ಲಿಂದಲೇ ಶುರು.

ಆ ಮೇಷ್ಟ್ರುಗಳು ನೋಡಿಕೊಂಡು ಬಂದು ಸುಮ್ಮನಾಗಲಿಲ್ಲ, ಅಲ್ಲಿನದನ್ನ ಹಾಗ್ಹಾಗೇ ಎತ್ತಿಕೊಂಡೂ ಬರಲಿಲ್ಲ. ಕೂತು ತಮ್ಮ ಕೈಯಾರೆ ಕನ್ನಡದ ಕಾರ್ಡು ಬರೆದರು, ಚಿತ್ರ ಹಾಕಿದರು, ಹಾಡು ಕಟ್ಟಿದರು. ಒಬ್ಬರ ಶಾಲೆಯಲ್ಲಿ ಓಡಿದ ಕಾರ್ಡು ಇನ್ನೊಬ್ಬರ ಶಾಲೆಯಲ್ಲಿ ಓಡಲಿಲ್ಲ ಅಂದರೆ ಸೇರಿ ತಿದ್ದಿದರು. ಅದೇ 'ನಲಿ-ಕಲಿ'. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸವನ್ನೆಲ್ಲ ತೂಗುಹಾಕೋ 'ಕಲಿಕಾ ಚಪ್ಪರ', ಮಕ್ಕಳ ಕೈಗೆಟಕೋ ಎತ್ತರದಲ್ಲಿ ಗೋಡೆಗೆ ಬಳಿದ ಕಪ್ಪುಹಲಗೆ. ಮಕ್ಕಳು ಕೂರೋ ಗುಂಪುಗಳನ್ನ ನೋಡಿ: ಮೇಷ್ಟ್ರ ಪೂರ್ತಿ ಬೆಂಬಲ ಬೇಕಾದವರು, ಸ್ವಲ್ಪ ಬೆಂಬಲ ಸಾಕಾದವರು, ಗೆಳೆಯರ ಪೂರ್ತಿ ಬೆಂಬಲದಲ್ಲಿ ಕಲಿಯೋರು, ಗೆಳೆಯರ ಸ್ವಲ್ಪ ಬೆಂಬಲ ಸಾಕಾದವರು, ತಾವೇ ಕಲಿಯೋರು. ಓದ್ತಾ ಓದ್ತಾ ನನಗೆ ರೋಮಾಂಚನವಾಯಿತು ಅಂದರೆ ನಗಬೇಡಿ. ಇದರಲ್ಲಿ ಮೂರನೇದೂ ನಾಲ್ಕನೇದೂ ನಮ್ಮ ಹಿರೇಮಣಿಯೇ ಅಲ್ವಾ? ಬಳ್ಳಾರಿಯ ಕೋಲೂ ಇಲ್ಲ, ಲಂಡನ್ನಿನ ಕಾರ್ಖಾನೆಯೂ ಇಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸವೂ ಇದೆ, ನನಗೆ ಮುಖ್ಯ ಅನ್ನಿಸೋದು ಅದು. ಈ ಸಲ ಮೇಷ್ಟ್ರುಗಳಿಗೂ ಹಿರೇಮಣಿಗಳಿದ್ದರು. ಮೊದಲು ಕಲಿತ ಮೇಷ್ಟ್ರು ಪಕ್ಕದ ಊರಿನವರಿಗೆ ತೋರಿಸಿದರು, ಅವರು ಇನ್ನೊಬ್ಬರಿಗೆ. ಯಾವ ಮೆಟ್ಟಿಲು ಜಾರುತ್ತೆ ಅಂತ ಅವರಿಗೆ ಗೊತ್ತಿತ್ತು, ಯಾಕಂದರೆ ನಿನ್ನೆ ತಾವೇ ಅಲ್ಲಿ ಜಾರಿ ಬಿದ್ದಿದ್ದರು.

2009-10ರಲ್ಲಿ ಸರ್ಕಾರ ನಲಿ-ಕಲಿಯನ್ನ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ತಂದಿತು, ಆಮೇಲೆ ಮೂರನೇದಕ್ಕೂ. ಒಂದು ತಾಲ್ಲೂಕಿನ ಮೇಷ್ಟ್ರುಗಳ ಕೈಕೆಲಸ ಇಡೀ ರಾಜ್ಯದ ಪಾಠವಾದದ್ದು ಸಣ್ಣ ಮಾತಲ್ಲ. ಆದರೆ ಕಾರ್ಡು ಅಚ್ಚಾಗಿ ಬಂದವು, ಜೊತೆಗೆ ಕೆಲವು ದಿನದ ತರಬೇತಿ ಬಂತು. ಕಾರ್ಡನ್ನ ತಿದ್ದೋ ಕೈ ಬರಲಿಲ್ಲ. ಅಚ್ಚಾದ ಕಾರ್ಡು ತಪ್ಪಿರಬಹುದು ಅಂತ ಹೇಳೋ ಧೈರ್ಯ ಕೋಟೆಯ ಮೇಷ್ಟ್ರಿಗಿತ್ತು, ಅದು ಅವರದೇ ಕಾರ್ಡು. ಬೀದರಿನ ಮೇಷ್ಟ್ರಿಗೆ ಅದು ಮೇಲಿಂದ ಬಂದ ಪೆಟ್ಟಿಗೆ. 'ನಲಿ-ಕಲಿ ಚೆನ್ನಾಗಿದೆ', 'ನಲಿ-ಕಲಿಯಿಂದ ಮಕ್ಕಳು ಹಾಳಾದರು' ಅಂತ ಮೇಷ್ಟ್ರುಗಳೇ ಜಗಳ ಆಡೋದನ್ನ ಕೇಳಿದ್ದೀನಿ. ಇಬ್ಬರೂ ಒಂದೇ ಪದ ಬಳಸ್ತಾ ಎರಡು ಬೇರೆ ವಸ್ತುಗಳ ಬಗ್ಗೆ ಮಾತಾಡ್ತಿರ್ತಾರೆ ಅಂತ ನನಗನ್ನಿಸುತ್ತೆ.

ಈಗಿನ ಕತೆ ನಿಮಗೇ ಗೊತ್ತು. 2017ರಲ್ಲಿ ದೀಕ್ಷಾ ಬಂತು, 2019ರಲ್ಲಿ ನಿಷ್ಠಾ ಬಂತು, ಕೊರೋನಾ ಹೊತ್ತಿಗೆ ಅದೂ ಮೊಬೈಲಿಗೆ ಇಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತೆ. ಕೊಠಾರಿ ಕಾಲದ ಶಾಲಾ ಸಂಕೀರ್ಣವನ್ನ ಧೂಳು ಕೊಡವಿ ಮತ್ತೆ ಮುಂದಿಟ್ಟಿದೆ. ಮೇಷ್ಟ್ರುಗಳಿಗೆ ಹಿರಿಯ ಮಾರ್ಗದರ್ಶಕರನ್ನ ಜೋಡಿಸೋ ರಾಷ್ಟ್ರೀಯ ಮಿಷನ್ ಬೇಕು ಅಂತಲೂ ಅದರಲ್ಲೇ ಇದೆ. ಓದೋಕೆ ಎಲ್ಲವೂ ಚೆಂದ. ನಮ್ಮಕ್ಕ ಈಗ ಮುಖ್ಯೋಪಾಧ್ಯಾಯಿನಿ, ನಿವೃತ್ತಿಗೆ ಹೆಚ್ಚು ದಿನ ಉಳಿದಿಲ್ಲ. 50 ಗಂಟೆಯ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: 'ಆ ಐವತ್ತರಲ್ಲಿ ಎಷ್ಟು ಗಂಟೆ ನನ್ನ ಕ್ಲಾಸಿನ ಹಿಂದಿನ ಸಾಲಲ್ಲಿ ಯಾರಾದರೂ ಬಂದು ಕೂರ್ತಾರೆ?'

ಅವಳ ಶಾಲೆಗೆ ಹೋದ ವರ್ಷ ಹೊಸದಾಗಿ ಒಬ್ಬ ಹುಡುಗಿ ಟೀಚರ್ ಆಗಿ ಬಂದಿದ್ದಾಳೆ. ಶನಿವಾರ ಶಾಲೆ ಬಿಟ್ಟಮೇಲೆ ಇಬ್ಬರೂ ಒಂದು ಗಂಟೆ ಕೂತು ಆ ವಾರದ್ದೆಲ್ಲ ಮಾತಾಡ್ತಾರಂತೆ. ಅದನ್ನ ಯಾವ ಆಪ್‌ನಲ್ಲಿ ದಾಖಲಿಸಬೇಕು ಅಂತ ಕೇಳಿದರೆ ಅಲ್ಲಿ ಅದಕ್ಕೆ ಕಾಲಮ್ಮೇ ಇಲ್ಲವಂತೆ.